ಸುಳಿಜ್ವಾಲೆ ನಾಜಲ್

ಸುಳಿಜ್ವಾಲೆ ನಾಜಲ್ ಎಂಬುದು ಬ್ಲೋ ಟಾರ್ಚಿನ ತುದಿಗೆ ಅಳವಡಿಸುವ ಒಂದು ವಿಶಿಷ್ಟ ಬಗೆಯ ಮೂತಿ. ಸಾಮಾನ್ಯ ಮೂತಿಯಲ್ಲಿ ಅನಿಲ ಮತ್ತು ಗಾಳಿಯ ಮಿಶ್ರಣವು ನೇರವಾಗಿ ಹೊರಬಿದ್ದು ಉರಿಯುತ್ತದೆ. ಸುಳಿಜ್ವಾಲೆಯ ಮೂತಿಯಲ್ಲಾದರೋ ಮಿಶ್ರಣವು ಓರೆಯಾಗಿ ಜೋಡಿಸಿದ ಅಲಗುಗಳ ನಡುವೆ ಹಾದು, ತಿರುಪಿನ ಎಳೆಯಂತೆ ಸುತ್ತುತ್ತಾ ಹೊರಬರುತ್ತದೆ. ಇದರಿಂದ ಜ್ವಾಲೆಯು ಗಿಡ್ಡವೂ ದಟ್ಟವೂ ಸ್ಥಿರವೂ ಆಗುತ್ತದೆ. ತಾಮ್ರದ ಕೊಳವೆಗಳ ಬೆಸುಗೆ, ಶೀತಕ ಯಂತ್ರಗಳ ದುರಸ್ತಿ, ಆಭರಣ ತಯಾರಿಕೆ ಮುಂತಾದ ಕೆಲಸಗಳಲ್ಲಿ ಇಂತಹ ಟಾರ್ಚುಗಳು ಬಳಕೆಯಲ್ಲಿವೆ. ಸುಳಿಯು ಹೊಸದಾಗಿ ಉಷ್ಣವನ್ನು ಸೃಷ್ಟಿಸುವುದಿಲ್ಲ. ಇರುವ ಅನಿಲವು ಎಲ್ಲಿ, ಎಷ್ಟು ಬೇಗ ಉರಿಯಬೇಕು ಎಂಬುದನ್ನು ಮಾತ್ರ ಅದು ನಿರ್ಧರಿಸುತ್ತದೆ. ನಾಜಲ್ ವಿನ್ಯಾಸದ ಗುಣದೋಷಗಳೆಲ್ಲ ಈ ಒಂದು ಸಂಗತಿಯನ್ನು ಅವಲಂಬಿಸಿವೆ.

ಹಿನ್ನೆಲೆ

ಜ್ವಾಲೆಗೆ ಗಾಳಿಯನ್ನು ಊದಿ ಅದನ್ನು ಚೂಪಾಗಿಸುವ ಉಪಾಯ ಬಹಳ ಹಳೆಯದು. ಅಕ್ಕಸಾಲಿಗರು ಎಣ್ಣೆದೀಪದ ಕುಡಿಗೆ ಊದುಗೊಳವೆಯಿಂದ ಬಾಯಿಗಾಳಿಯನ್ನು ಊದಿ ಚಿನ್ನ ಬೆಳ್ಳಿಯನ್ನು ಬೆಸೆಯುತ್ತಿದ್ದರು. ಸ್ವೀಡನ್ನಿನ ರಸಾಯನವಿಜ್ಞಾನಿ ಬರ್ಜೀಲಿಯಸ್ ಖನಿಜಗಳ ಪರೀಕ್ಷೆಗೆ ಊದುಗೊಳವೆಯನ್ನು ಬಳಸುವ ಬಗೆಯನ್ನು ಕುರಿತು 1820ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು. 1855ರ ಸುಮಾರಿಗೆ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ರಾಬರ್ಟ್ ಬುನ್ಸೆನ್ ಮತ್ತು ಉಪಕರಣ ತಯಾರಕ ಪೀಟರ್ ದೇಸಾಗ ರೂಪಿಸಿದ ಬರ್ನರಿನಲ್ಲಿ ಅನಿಲವೇ ತನ್ನ ರಭಸದಿಂದ ಗಾಳಿಯನ್ನು ಒಳಗೆಳೆದುಕೊಂಡು, ಉರಿಯುವ ಮೊದಲೇ ಅದರೊಡನೆ ಬೆರೆಯತೊಡಗಿತು. ಇಂದಿನ ಅನಿಲ ಟಾರ್ಚುಗಳ ಮೂಲತತ್ತ್ವವೂ ಇದೇ. 1880ರ ದಶಕದಲ್ಲಿ ಸ್ವೀಡನ್ನಿನ ಕಾರ್ಲ್ ರಿಚರ್ಡ್ ನೀಬರ್ಗ್ ದ್ರವ ಇಂಧನವನ್ನು ಆವಿಯಾಗಿಸಿ ಉರಿಸುವ ಬ್ಲೋ ಲ್ಯಾಂಪನ್ನು ತಯಾರಿಸಿ ಮಾರಾಟಕ್ಕೆ ತಂದನು.

ಸುತ್ತುವ ಹರಿವಿನಿಂದ ಜ್ವಾಲೆಯನ್ನು ನಿಯಂತ್ರಿಸುವ ಶಾಸ್ತ್ರವು ಮುಖ್ಯವಾಗಿ ಬೆಳೆದದ್ದು ದೊಡ್ಡ ಕುಲುಮೆಗಳು ಮತ್ತು ವಿಮಾನದ ಅನಿಲ ಟರ್ಬೈನುಗಳ ಅಧ್ಯಯನದಿಂದ. ಬೇರ್ ಮತ್ತು ಚಿಗಿಯರ್ 1972ರಲ್ಲಿಯೂ, ಗುಪ್ತ, ಲಿಲ್ಲಿ ಮತ್ತು ಸೈರೆಡ್ 1984ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಈ ವಿಷಯದ ಪ್ರಮುಖ ಆಕರಗಳೆನಿಸಿವೆ. ಕೈಯಲ್ಲಿ ಹಿಡಿಯುವ ಸಣ್ಣ ಟಾರ್ಚಿಗೂ ಅದೇ ನಿಯಮಗಳು ಅನ್ವಯಿಸುತ್ತವೆ.

ಟಾರ್ಚಿನ ಭಾಗಗಳು

ಅನಿಲದ ಬ್ಲೋ ಟಾರ್ಚಿನಲ್ಲಿ ಹರಿವಿನ ಕ್ರಮಕ್ಕೆ ಅನುಗುಣವಾಗಿ ಐದು ಮುಖ್ಯ ಭಾಗಗಳಿರುತ್ತವೆ.

1. ಒತ್ತಡ ನಿಯಂತ್ರಕ ಮತ್ತು ತಿರುಗುಣಿ: ಸಿಲಿಂಡರಿನಿಂದ ಬರುವ ಅನಿಲದ ಒತ್ತಡವನ್ನೂ ಪ್ರಮಾಣವನ್ನೂ ನಿಯಂತ್ರಿಸುತ್ತವೆ.
2. ಜೆಟ್: ಕೂದಲೆಳೆಯ ಕೆಲವೇ ಪಟ್ಟು ಅಗಲದ ಸೂಕ್ಷ್ಮ ರಂಧ್ರ. ಅನಿಲವು ಇಲ್ಲಿಂದ ಅತಿ ವೇಗವಾಗಿ ಚಿಮ್ಮುತ್ತದೆ.
3. ಗಾಳಿಕಂಡಿಗಳು: ಜೆಟ್ಟಿನ ಸುತ್ತಲೂ ಇರುವ ರಂಧ್ರಗಳು. ಚಿಮ್ಮುವ ಅನಿಲವು ಇವುಗಳ ಮೂಲಕ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ.
4. ಮಿಶ್ರಣ ಕೊಳವೆ: ಅನಿಲ ಮತ್ತು ಗಾಳಿ ಬೆರೆಯುವ ಜಾಗ.
5. ಮೂತಿ: ಜ್ವಾಲೆಯು ನೆಲೆನಿಲ್ಲುವ ತುದಿ. ಸುಳಿಯನ್ನುಂಟುಮಾಡುವ ಅಲಗುಗಳು ಇರುವುದು ಇಲ್ಲಿಯೇ.

ಜ್ವಾಲೆ ಹಾರಿಹೋಗುವ ಸಮಸ್ಯೆ

ಸುಳಿಯ ಅಗತ್ಯವೇನೆಂದು ತಿಳಿಯಲು ಎರಡು ವೇಗಗಳನ್ನು ಹೋಲಿಸಿ ನೋಡಬೇಕು. ನಿಶ್ಚಲವಾದ ಪ್ರೊಪೇನ್ ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ಹೊತ್ತಿಸಿದರೆ ಜ್ವಾಲೆಯು ಆ ಮಿಶ್ರಣದೊಳಕ್ಕೆ ಸೆಕೆಂಡಿಗೆ ಸುಮಾರು 40 ಸೆಂ.ಮೀ. ವೇಗದಲ್ಲಿ ಮುಂದುವರಿಯುತ್ತದೆ. ಇದನ್ನು ದಹನವೇಗ ಎನ್ನಬಹುದು. ಆದರೆ ಟಾರ್ಚಿನ ಕೊಳವೆಯಲ್ಲಿ ಮಿಶ್ರಣವು ಸೆಕೆಂಡಿಗೆ ಹಲವು ಮೀಟರುಗಳಷ್ಟು ವೇಗವಾಗಿ ಹೊರಬರುತ್ತದೆ. ಹೊಳೆಯ ಪ್ರವಾಹಕ್ಕೆ ಎದುರಾಗಿ ಈಜುವವನು ಪ್ರವಾಹಕ್ಕಿಂತ ನಿಧಾನವಾಗಿ ಈಜಿದರೆ ಕೊಚ್ಚಿಹೋಗುವಂತೆ, ಜ್ವಾಲೆಯೂ ಮೂತಿಯಿಂದ ದೂರ ಸರಿದು ಆರಿಹೋಗುತ್ತದೆ. ಇದಕ್ಕೆ ಜ್ವಾಲೆ ಹಾರಿಹೋಗುವುದು ಎಂದು ಹೆಸರು.

ಅನಿಲದ ಪ್ರಮಾಣವನ್ನು ತಗ್ಗಿಸಿ ಈ ಸಮಸ್ಯೆಯನ್ನು ತಪ್ಪಿಸಬಹುದಾದರೂ ಆಗ ಟಾರ್ಚಿನ ಶಕ್ತಿಯೇ ಕುಂದುತ್ತದೆ. ಆದ್ದರಿಂದ ವೇಗದ ಹರಿವಿನ ನಡುವೆಯೂ ಜ್ವಾಲೆಗೆ ಒಂದು ಆಶ್ರಯವನ್ನು ಕಲ್ಪಿಸಬೇಕಾಗುತ್ತದೆ. ಇದಕ್ಕೆ ಮೂರು ಉಪಾಯಗಳು ರೂಢಿಯಲ್ಲಿವೆ: ಮುಖ್ಯ ಹರಿವಿನ ಸುತ್ತ ನಿಧಾನವಾಗಿ ಉರಿಯುವ ಕಿರುಜ್ವಾಲೆಗಳ ಉಂಗುರವನ್ನು ಇರಿಸುವುದು; ಹರಿವಿಗೆ ಅಡ್ಡವಾಗಿ ಒಂದು ತಡೆಯನ್ನಿಟ್ಟು ಅದರ ಮರೆಯಲ್ಲಿ ಜ್ವಾಲೆಯನ್ನು ನಿಲ್ಲಿಸುವುದು; ಹರಿವನ್ನೇ ಸುತ್ತಿಸುವುದು. ಮೂರನೆಯದೇ ಸುಳಿಜ್ವಾಲೆ. ಅನೇಕ ನಾಜಲ್‌ಗಳಲ್ಲಿ ಎರಡನೆಯ ಮತ್ತು ಮೂರನೆಯ ಉಪಾಯಗಳು ಒಟ್ಟಿಗೆ ಇರುತ್ತವೆ.

ಸುಳಿಯು ಕೆಲಸ ಮಾಡುವ ಬಗೆ

ಲೋಟದಲ್ಲಿನ ನೀರನ್ನು ಚಮಚದಿಂದ ರಭಸವಾಗಿ ತಿರುಗಿಸಿದರೆ ನೀರು ಅಂಚಿನಲ್ಲಿ ಏರಿ ನಡುವೆ ತಗ್ಗುತ್ತದೆ. ಸುತ್ತುವ ಹರಿವಿನ ನಡುವೆ ಒತ್ತಡ ಕಡಿಮೆಯಾಗುವುದೇ ಇದಕ್ಕೆ ಕಾರಣ. ಟಾರ್ಚಿನ ಮೂತಿಯಿಂದ ಸುತ್ತುತ್ತಾ ಹೊರಬರುವ ಅನಿಲದಲ್ಲೂ ಹೀಗೆಯೇ ಆಗುತ್ತದೆ. ಮೂತಿಯ ಬಳಿ ಸುತ್ತು ಬಲವಾಗಿರುವುದರಿಂದ ನಡುಭಾಗದ ಒತ್ತಡ ಬಹಳ ಕಡಿಮೆ. ಮುಂದೆ ಸಾಗಿದಂತೆ ಹರಿವು ಹರಡಿ, ಸುತ್ತು ಸಡಿಲವಾಗಿ, ನಡುವಿನ ಒತ್ತಡ ಮತ್ತೆ ಏರುತ್ತದೆ. ಹೀಗಾಗಿ ಅಕ್ಷದ ಉದ್ದಕ್ಕೂ ಮುಂದೆ ಹೆಚ್ಚು ಒತ್ತಡ, ಹಿಂದೆ ಕಡಿಮೆ ಒತ್ತಡ ಎಂಬ ಸ್ಥಿತಿ ಉಂಟಾಗುತ್ತದೆ. ಸುತ್ತು ಸಾಕಷ್ಟು ಬಲವಾಗಿದ್ದರೆ ಆಗಲೇ ಉರಿದ ಬಿಸಿ ಅನಿಲವು ನಡುಭಾಗದಲ್ಲಿ ಹಿಮ್ಮುಖವಾಗಿ ಹರಿದು ಮೂತಿಯ ಬಳಿಗೆ ಬರುತ್ತದೆ. ಇದನ್ನು ಮರುಹರಿವಿನ ವಲಯ ಎಂದು ಕರೆಯಬಹುದು.

ಈ ಮರುಹರಿವಿನಿಂದ ಮೂರು ಪ್ರಯೋಜನಗಳಿವೆ. ಮೊದಲನೆಯದಾಗಿ, ಹೊಸದಾಗಿ ಬರುವ ಮಿಶ್ರಣವು ಎಡೆಬಿಡದೆ ಬಿಸಿ ಅನಿಲದ ಸಂಪರ್ಕಕ್ಕೆ ಬಂದು ಹೊತ್ತಿಕೊಳ್ಳುತ್ತದೆ. ಜ್ವಾಲೆಯು ತನ್ನ ಬುಡವನ್ನು ತಾನೇ ಹೊತ್ತಿಸಿಕೊಳ್ಳುತ್ತಿರುತ್ತದೆ. ಎರಡನೆಯದಾಗಿ, ಮುಂದಕ್ಕೂ ಹಿಂದಕ್ಕೂ ಹರಿಯುವ ಪದರಗಳ ನಡುವೆ ವೇಗ ತಗ್ಗಿದ ತಾಣಗಳು ಉಂಟಾಗುತ್ತವೆ. ಜ್ವಾಲೆಯು ಅಲ್ಲಿ ನೆಲೆನಿಲ್ಲುತ್ತದೆ. ಮೂರನೆಯದಾಗಿ, ಪದರಗಳ ತಿಕ್ಕಾಟದಿಂದ ಕಿರುಸುಳಿಗಳು ಹುಟ್ಟಿ ಜ್ವಾಲೆಯ ಮೇಲ್ಮೈ ಸುಕ್ಕುಗಟ್ಟುತ್ತದೆ. ಸುಕ್ಕುಗಟ್ಟಿದ ಮೇಲ್ಮೈಯ ವಿಸ್ತಾರ ಹೆಚ್ಚಾದ ಕಾರಣ ಅಷ್ಟೇ ಜಾಗದಲ್ಲಿ ಹೆಚ್ಚು ಅನಿಲ ಉರಿಯುತ್ತದೆ. ಜ್ವಾಲೆಯ ಉದ್ದ ಕುಗ್ಗುವುದು ಇದರಿಂದಲೇ.

ಸುಳಿಸಂಖ್ಯೆ

ಸುತ್ತಿನ ಬಲವನ್ನು ಅಳೆಯಲು ಸುಳಿಸಂಖ್ಯೆ ಎಂಬ ಪರಿಮಾಣವನ್ನು ಬಳಸುತ್ತಾರೆ. ಹರಿವು ಹೊತ್ತೊಯ್ಯುವ ಕೋನೀಯ ಸಂವೇಗವನ್ನು, ಅದರ ನೇರ ಸಂವೇಗ ಮತ್ತು ಮೂತಿಯ ತ್ರಿಜ್ಯಗಳ ಗುಣಲಬ್ಧದಿಂದ ಭಾಗಿಸಿದಾಗ ಇದು ದೊರೆಯುತ್ತದೆ. ಇದಕ್ಕೆ ಮಾನವಿಲ್ಲ. ಸುಳಿಸಂಖ್ಯೆ ಸುಮಾರು 0.6ಕ್ಕಿಂತ ಕಡಿಮೆಯಿದ್ದರೆ ಹರಿವು ಸುತ್ತುತ್ತದೆಯೇ ಹೊರತು ನಡುವೆ ಹಿಮ್ಮುಖ ಹರಿವು ಸಾಮಾನ್ಯವಾಗಿ ಉಂಟಾಗುವುದಿಲ್ಲ. ಅದಕ್ಕಿಂತ ಹೆಚ್ಚಾದಾಗ ಮರುಹರಿವಿನ ವಲಯ ರೂಪುಗೊಳ್ಳುತ್ತದೆ. ಈ ಗಡಿಯು ಮೂತಿಯ ಆಕಾರವನ್ನು ಅನುಸರಿಸಿ ಸ್ವಲ್ಪ ಹೆಚ್ಚು ಕಡಿಮೆಯಾಗಬಹುದು.

ಗಾಡಿಯ ಚಕ್ರದಲ್ಲಿ ಗುಂಬದ ಸುತ್ತ ಅರೆಕಾಲುಗಳು ಇರುವಂತೆ, ನಾಜಲ್‌ನಲ್ಲಿ ನಡುವಿನ ಗುಂಬದ ಸುತ್ತ ಚಪ್ಪಟೆ ಅಲಗುಗಳನ್ನು ಓರೆಯಾಗಿ ಜೋಡಿಸಿರುತ್ತಾರೆ. ಅಂತಹ ರಚನೆಯಲ್ಲಿ ಸುಳಿಸಂಖ್ಯೆಯು ಅಲಗಿನ ಓರೆಕೋನದ ಟ್ಯಾಂಜೆಂಟ್ ಬೆಲೆಗೆ ಅನುಪಾತದಲ್ಲಿರುತ್ತದೆ. ಗುಂಬದ ವ್ಯಾಸವು ಕೊಳವೆಯ ವ್ಯಾಸದ 0.4ರಷ್ಟಿದ್ದರೆ ಆ ಬೆಲೆಯನ್ನು ಸುಮಾರು 0.74ರಿಂದ ಗುಣಿಸಬೇಕು. ಓರೆಕೋನವನ್ನು ಕೊಳವೆಯ ಅಕ್ಷದಿಂದ ಅಳೆದಾಗ ದೊರೆಯುವ ಸುಳಿಸಂಖ್ಯೆಗಳು ಹೀಗಿವೆ:

- 30 ಡಿಗ್ರಿ: ಸುಮಾರು 0.43
- 40 ಡಿಗ್ರಿ: ಸುಮಾರು 0.62
- 45 ಡಿಗ್ರಿ: ಸುಮಾರು 0.74
- 60 ಡಿಗ್ರಿ: ಸುಮಾರು 1.29

ಮರುಹರಿವು ಬೇಕೆಂದಾದರೆ ಅಲಗುಗಳ ಓರೆ 40 ಡಿಗ್ರಿಗೆ ಕಡಿಮೆಯಿರಬಾರದು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಹಾಗೆಂದು ಕೋನವನ್ನು ಮನಬಂದಂತೆ ಹೆಚ್ಚಿಸುವಂತಿಲ್ಲ. ಅದರ ಕಾರಣ ಮುಂದಿನ ಭಾಗದಲ್ಲಿದೆ.

ಸುಳಿಗೆ ತೆರಬೇಕಾದ ಬೆಲೆ

ಒಂದು ಗ್ರಾಂ ಪ್ರೊಪೇನ್ ಪೂರ್ಣವಾಗಿ ಉರಿಯಲು ಸುಮಾರು 15.7 ಗ್ರಾಂ ಗಾಳಿ ಬೇಕು. ಗಾತ್ರದ ಲೆಕ್ಕದಲ್ಲಿ ಹೇಳುವುದಾದರೆ ಒಂದು ಲೀಟರ್ ಪ್ರೊಪೇನಿಗೆ ಸುಮಾರು 24 ಲೀಟರ್, ಒಂದು ಲೀಟರ್ ಬ್ಯೂಟೇನಿಗೆ ಸುಮಾರು 31 ಲೀಟರ್ ಗಾಳಿ ಬೇಕು. ದೊಡ್ಡ ಕುಲುಮೆಯಲ್ಲಿ ಈ ಗಾಳಿಯನ್ನು ಬೀಸಣಿಗೆ ಯಂತ್ರ ಒದಗಿಸುತ್ತದೆ. ಕೈಟಾರ್ಚಿನಲ್ಲಿ ಅಂತಹ ಯಂತ್ರವಿಲ್ಲ. ಜೆಟ್ಟಿನಿಂದ ಚಿಮ್ಮುವ ಅನಿಲದ ಸಂವೇಗವೊಂದೇ ಅಷ್ಟು ಗಾಳಿಯನ್ನು ಎಳೆದುತರಬೇಕು. ಈ ಬಂಡವಾಳ ಸೀಮಿತವಾದುದು.

ಅಲಗುಗಳ ನಡುವೆ ಓರೆಯಾಗಿ ಹರಿಯುವ ಮಿಶ್ರಣವು ನೇರವಾಗಿ ಹರಿಯುವುದಕ್ಕಿಂತ ಹೆಚ್ಚು ವೇಗವಾಗಿ ಸಾಗಬೇಕಾಗುತ್ತದೆ. ಮುಂದಕ್ಕೆ ಸಾಗುವ ವೇಗ ಅಷ್ಟೇ ಇದ್ದರೂ 45 ಡಿಗ್ರಿ ಓರೆಯಲ್ಲಿ ಒಟ್ಟು ವೇಗ 1.4 ಪಟ್ಟು, ಚಲನಶಕ್ತಿ 2 ಪಟ್ಟು ಆಗುತ್ತದೆ. 60 ಡಿಗ್ರಿ ಓರೆಯಲ್ಲಿ ವೇಗ 2 ಪಟ್ಟು, ಚಲನಶಕ್ತಿ 4 ಪಟ್ಟು. ಈ ಹೆಚ್ಚುವರಿ ಶಕ್ತಿಯನ್ನು ಜೆಟ್ಟಿನ ಅದೇ ಬಂಡವಾಳದಿಂದಲೇ ಕೊಡಬೇಕು. ಸುತ್ತು ಅತಿಯಾದರೆ ಗಾಳಿಯನ್ನು ಎಳೆಯಲು ಶಕ್ತಿ ಸಾಲದೆ ಮಿಶ್ರಣದಲ್ಲಿ ಗಾಳಿಯ ಕೊರತೆಯುಂಟಾಗುತ್ತದೆ. ಆಗ ಜ್ವಾಲೆಯ ತುದಿ ಹಳದಿಯಾಗಿ, ಮಸಿ ಕಾಣಿಸಿಕೊಂಡು, ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಹೆಚ್ಚು ಸುತ್ತಿದಷ್ಟೂ ಒಳ್ಳೆಯ ಜ್ವಾಲೆ ಎಂಬ ಎಣಿಕೆ ತಪ್ಪಾಗುವುದು ಇಲ್ಲಿಯೇ. ಮರುಹರಿವಿಗೆ ಸಾಕಾಗುವಷ್ಟು ಮಾತ್ರ ಸುತ್ತು, ಉಳಿದ ಶಕ್ತಿಯೆಲ್ಲ ಗಾಳಿಗೆ ಎಂಬುದು ಉತ್ತಮ ವಿನ್ಯಾಸದ ಸೂತ್ರ.

ಇದೇ ಕಾರಣದಿಂದ ಸುಳಿಜ್ವಾಲೆ ಟಾರ್ಚಿಗೆ ಹೆಚ್ಚಿನ ಒತ್ತಡದ ಅನಿಲ ಬೇಕಾಗುತ್ತದೆ. ಭಾರತದ ಅಡುಗೆ ಅನಿಲದ ಗೃಹಬಳಕೆಯ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಅನಿಲವನ್ನು ಬಿಡುತ್ತದೆ. ಆ ಒತ್ತಡದಲ್ಲಿ ಅನಿಲವು ಜೆಟ್ಟಿನಿಂದ ಸೆಕೆಂಡಿಗೆ ಹೆಚ್ಚೆಂದರೆ 55 ಮೀಟರ್ ವೇಗದಲ್ಲಿ ಹೊರಬರಬಲ್ಲದು. ವಾತಾವರಣದ ಒತ್ತಡಕ್ಕಿಂತ 1 ಬಾರ್‌ನಷ್ಟು ಅಧಿಕ ಒತ್ತಡವಿದ್ದರೆ ಅನಿಲವು ತನ್ನಲ್ಲಿನ ಶಬ್ದವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 240 ಮೀಟರ್ ವೇಗವನ್ನು, ಮುಟ್ಟುತ್ತದೆ. ಅಡುಗೆ ಒಲೆಯ ಒತ್ತಡಕ್ಕೆ ಸುಳಿಯ ಮೂತಿ ಜೋಡಿಸಿದರೆ ತೃಪ್ತಿಕರ ಜ್ವಾಲೆ ಬಾರದಿರುವುದಕ್ಕೆ ಇದೇ ಕಾರಣ.

ವಿನ್ಯಾಸದ ಒಂದು ಉದಾಹರಣೆ

ಮೇಲಿನ ತತ್ತ್ವಗಳನ್ನು ಅಂಕಿಗಳಲ್ಲಿ ತೋರಿಸಲು, ತಾಮ್ರದ ಕೊಳವೆಗಳನ್ನು ಬೆಸೆಯಲು ಬಳಸುವ ಸಣ್ಣ ಪ್ರೊಪೇನ್ ಟಾರ್ಚೊಂದನ್ನು ಪರಿಗಣಿಸಬಹುದು. ಇದು ಲೆಕ್ಕದ ಕ್ರಮವನ್ನು ವಿವರಿಸುವ ಉದಾಹರಣೆಯೇ ಹೊರತು ತಯಾರಿಕೆಯ ನಕ್ಷೆಯಲ್ಲ.

ಜೆಟ್ಟಿನ ರಂಧ್ರ 0.25 ಮಿ.ಮೀ. ವ್ಯಾಸದ್ದು, ಅನಿಲದ ಒತ್ತಡ ವಾತಾವರಣಕ್ಕಿಂತ 2 ಬಾರ್ ಅಧಿಕ ಎಂದುಕೊಂಡರೆ, ಗಂಟೆಗೆ ಸುಮಾರು 120 ಗ್ರಾಂ ಪ್ರೊಪೇನ್ ಹೊರಬರುತ್ತದೆ. ಇದರ ಉಷ್ಣಶಕ್ತಿ ಸುಮಾರು ಒಂದೂವರೆ ಕಿಲೋವ್ಯಾಟ್. ಬೇಕಾದಷ್ಟು ಗಾಳಿಯೂ ಸೇರಿದಾಗ ಮಿಶ್ರಣದ ಪ್ರಮಾಣ ಸೆಕೆಂಡಿಗೆ ಅರ್ಧ ಲೀಟರಿಗೆ ತುಸು ಕಡಿಮೆ. ಮೂತಿಯ ಒಳವ್ಯಾಸ 10 ಮಿ.ಮೀ., ಗುಂಬದ ವ್ಯಾಸ 4 ಮಿ.ಮೀ. ಎಂದಿಟ್ಟುಕೊಂಡರೆ ಹರಿವಿಗೆ ಉಳಿಯುವ ಜಾಗ 66 ಚದರ ಮಿ.ಮೀ. ಅದರಲ್ಲಿ ಮಿಶ್ರಣವು ಸೆಕೆಂಡಿಗೆ ಸುಮಾರು 7 ಮೀಟರ್ ವೇಗದಲ್ಲಿ ಸಾಗುತ್ತದೆ. ಇದು ದಹನವೇಗದ ಹದಿನೇಳು ಪಟ್ಟಿಗೂ ಮಿಗಿಲು. ಆಶ್ರಯವಿಲ್ಲದ ಜ್ವಾಲೆ ಇಲ್ಲಿ ನಿಲ್ಲಲಾರದು.

ಇಂತಹ ಮೂತಿಗೆ 45 ಡಿಗ್ರಿ ಓರೆಯ ಆರು ಅಲಗುಗಳನ್ನು ಜೋಡಿಸಿದರೆ ಸುಳಿಸಂಖ್ಯೆ 0.74ರಷ್ಟಾಗಿ ಮರುಹರಿವು ಉಂಟಾಗುತ್ತದೆ. ಅಲಗುಗಳು ಒಂದರ ಮೇಲೊಂದು ತುಸು ಚಾಚಿಕೊಂಡಿರಬೇಕು. ಮೂತಿಯನ್ನು ಬೆಳಕಿಗೆ ಹಿಡಿದು ಅಕ್ಷದ ನೇರಕ್ಕೆ ನೋಡಿದಾಗ ಅಲಗುಗಳ ನಡುವೆ ಬೆಳಕು ಕಾಣಬಾರದು; ಕಂಡರೆ ಮಿಶ್ರಣದ ಒಂದು ಭಾಗ ಸುತ್ತದೆ ನೇರವಾಗಿ ನುಸುಳುತ್ತದೆ. ಈ ಅಳತೆಗಳಿಗೆ ಪ್ರತಿ ಅಲಗಿನ ಅಗಲ ಸುಮಾರು 7.5 ಮಿ.ಮೀ. ಆಗಬೇಕು. ಅಲಗಿನ ದಪ್ಪ 0.5 ಮಿ.ಮೀ. ಆದರೂ ಆರು ಅಲಗುಗಳು ಸೇರಿ ಹರಿವಿನ ಜಾಗದ ಐದನೆಯ ಒಂದು ಭಾಗವನ್ನು ಆಕ್ರಮಿಸುತ್ತವೆ. ಅಲಗುಗಳ ಸಂಖ್ಯೆಯನ್ನು ಹೆಚ್ಚಿಸುತ್ತಾ ಹೋದರೆ ಹರಿವಿಗೆ ದಾರಿಯೇ ಉಳಿಯುವುದಿಲ್ಲ; ಕಡಿಮೆ ಮಾಡಿದರೆ ಸುತ್ತು ಅಸಮವಾಗುತ್ತದೆ.

ಗುಂಬಕ್ಕೂ ಒಂದು ಮಹತ್ವದ ಕೆಲಸವಿದೆ. ಸುತ್ತುವ ಹರಿವಿನ ನಡುಭಾಗದಲ್ಲಿ ಮುಂದಕ್ಕೆ ಸಾಗುವ ವೇಗ ಕಡಿಮೆಯಿರುವುದರಿಂದ ಜ್ವಾಲೆಯು ಆ ದಾರಿಯಲ್ಲಿ ಹಿಂದಕ್ಕೆ ಏರಿ ಕೊಳವೆಯನ್ನು ಹೊಕ್ಕುವ ಸಂಭವವಿದೆ. ಗುಂಬವು ಆ ದಾರಿಯನ್ನು ಮುಚ್ಚುತ್ತದೆ. ಅಲಗುಗಳ ನಡುವಿನ ಸಂದುಗಳು ಕಿರಿದಾಗಿರುವುದೂ ಹಿತಕರ. ಪ್ರೊಪೇನ್ ಜ್ವಾಲೆಯು ಸುಮಾರು 2 ಮಿ.ಮೀ.ಗಿಂತ ಕಿರಿದಾದ, ತಣ್ಣಗಿರುವ ಲೋಹದ ಸಂದಿನಲ್ಲಿ ಉಷ್ಣವನ್ನು ಕಳೆದುಕೊಂಡು ಆರುತ್ತದೆ. ಲೋಹ ಕಾದಾಗ ಈ ರಕ್ಷಣೆ ದುರ್ಬಲವಾಗುವುದರಿಂದ ಇದೊಂದನ್ನೇ ನಂಬುವಂತಿಲ್ಲ.

ಲೋಹದ ಆಯ್ಕೆ

ಮರುಹರಿವಿನಿಂದಾಗಿ ಬಿಸಿ ಅನಿಲವು ಮೂತಿಯನ್ನು ಸದಾ ಮುಟ್ಟುತ್ತಿರುತ್ತದೆ. ಆದ್ದರಿಂದ ಸುಳಿಜ್ವಾಲೆಯ ಮೂತಿಯು ನೇರಜ್ವಾಲೆಯ ಮೂತಿಗಿಂತ ಹೆಚ್ಚು ಕಾಯುತ್ತದೆ. ಹಿತ್ತಾಳೆಯು 900 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಕರಗುವುದರಿಂದ ತುದಿಯ ಭಾಗಕ್ಕೆ ತಕ್ಕುದಲ್ಲ; ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬಳಸುತ್ತಾರೆ. ಅನಿಲ ಹರಿದು ತಣ್ಣಗಿರುವ ಜೆಟ್ ಮತ್ತು ತಿರುಗುಣಿಗಳಿಗೆ ಹಿತ್ತಾಳೆ ಯೋಗ್ಯವಾದುದು, ಅದರಲ್ಲಿ ಸೂಕ್ಷ್ಮ ರಂಧ್ರ ಕೊರೆಯುವುದೂ ಸುಲಭ.

ಸುಳಿಜ್ವಾಲೆಯ ಉಷ್ಣತೆ

ಸುಳಿಜ್ವಾಲೆಯು ನೇರಜ್ವಾಲೆಗಿಂತ ಬಹಳ ಹೆಚ್ಚು ಉಷ್ಣತೆಯುಳ್ಳದ್ದೆಂಬ ಅಭಿಪ್ರಾಯ ವ್ಯಾಪಕವಾಗಿದೆ. ವಾಸ್ತವದಲ್ಲಿ ಗಾಳಿಯಲ್ಲಿ ಉರಿಯುವ ಪ್ರೊಪೇನ್ ಜ್ವಾಲೆಯ ಉಷ್ಣತೆಗೆ ಸುಮಾರು 1,980 ಡಿಗ್ರಿ ಸೆಲ್ಸಿಯಸ್ ಎಂಬ ಮೇಲ್ಮಿತಿಯಿದೆ. ಗಾಳಿಯ ಐದನೆಯ ನಾಲ್ಕು ಭಾಗದಷ್ಟಿರುವ ನೈಟ್ರೋಜನ್ ಉರಿಯದೆ ತಾನೂ ಕಾಯಬೇಕಾದುದರಿಂದ ಈ ಮಿತಿ ಬಂದಿದೆ. ಸುತ್ತಿಸಿದ ಮಾತ್ರಕ್ಕೆ ಇದನ್ನು ಮೀರಲಾಗದು. ಮೀರಬೇಕಾದರೆ ಗಾಳಿಯ ಬದಲು ಶುದ್ಧ ಆಮ್ಲಜನಕವನ್ನು ಕೊಡಬೇಕು; ಆಗ ಪ್ರೊಪೇನ್ ಜ್ವಾಲೆ ಸುಮಾರು 2,800 ಡಿಗ್ರಿಯವರೆಗೂ, ಅಸಿಟಿಲೀನ್ ಜ್ವಾಲೆ 3,100 ಡಿಗ್ರಿಗೂ ಮೇಲೆ ಏರಬಲ್ಲದು.

ಹಾಗಾದರೆ ಸುಳಿಜ್ವಾಲೆಯಲ್ಲಿ ಬೆಸುಗೆ ಬೇಗ ಮುಗಿಯುವುದೇಕೆ? ನೇರಜ್ವಾಲೆಯಲ್ಲಿ ಅನಿಲದ ಒಂದು ಭಾಗ ಕೊಳವೆಯನ್ನು ದಾಟಿಹೋದ ಮೇಲೆ ಉರಿಯುತ್ತದೆ. ಆ ಉಷ್ಣ ಕೆಲಸಕ್ಕೆ ಬರುವುದಿಲ್ಲ. ಸುಳಿಜ್ವಾಲೆಯು ಗಿಡ್ಡವಾದುದರಿಂದ ದಹನವು ಲೋಹದ ಸಮೀಪದಲ್ಲಿಯೇ ಪೂರ್ಣವಾಗುತ್ತದೆ. ಜೊತೆಗೆ ರಭಸದಿಂದ ಸುತ್ತುವ ಬಿಸಿ ಅನಿಲವು ಲೋಹದ ಮೇಲ್ಮೈಯನ್ನು ಉಜ್ಜಿಕೊಂಡು ಹೋಗುವುದರಿಂದ ಉಷ್ಣದ ವರ್ಗಾವಣೆ ಹೆಚ್ಚುತ್ತದೆ. ತಾಮ್ರವು 1,085 ಡಿಗ್ರಿಯಲ್ಲಿ ಕರಗುತ್ತದೆ. ಅದನ್ನು ಬೆಸೆಯುವ ತಾಮ್ರ-ರಂಜಕದ ಮಿಶ್ರಲೋಹ ಕರಗತೊಡಗುವುದು ಸುಮಾರು 710 ಡಿಗ್ರಿಯಲ್ಲಿ. ಉಷ್ಣವನ್ನು ಬೇಗ ಹೀರಿ ದೂರ ಸಾಗಿಸುವ ತಾಮ್ರವನ್ನು ಈ ಎರಡು ಮಿತಿಗಳ ನಡುವೆ ತಂದು ನಿಲ್ಲಿಸುವುದಕ್ಕೆ ದಟ್ಟವಾದ ಜ್ವಾಲೆ ಅನುಕೂಲಕರ.

ವಿಶಾಲವಾದ ಮೇಲ್ಮೈಯನ್ನು ಮೆಲ್ಲಗೆ ಬಿಸಿಮಾಡುವ ಕೆಲಸಕ್ಕೆ, ಉದಾಹರಣೆಗೆ ಹಳೆಯ ಬಣ್ಣ ತೆಗೆಯುವುದಕ್ಕೆ ಅಥವಾ ತಾರಸಿಯ ಮೇಲೆ ಡಾಂಬರಿನ ಹಾಳೆ ಅಂಟಿಸುವುದಕ್ಕೆ, ಉದ್ದವಾದ ಮೃದುಜ್ವಾಲೆಯೇ ಮೇಲು. ಸುಳಿಜ್ವಾಲೆಯು ಎಲ್ಲ ಕೆಲಸಕ್ಕೂ ಸಲ್ಲುವುದಿಲ್ಲ.

ಜ್ವಾಲೆಯ ಲಕ್ಷಣಗಳು

ಜ್ವಾಲೆಯ ಬಣ್ಣ, ಆಕಾರ ಮತ್ತು ಸದ್ದುಗಳಿಂದ ಮೂತಿಯ ಸ್ಥಿತಿಯನ್ನು ಅರಿಯಬಹುದು.

- ಒಳಗೆ ತಿಳಿನೀಲಿ ಬಣ್ಣದ ಸ್ಪಷ್ಟ ಶಂಕು, ಹೊರಗೆ ಮಸುಕಾದ ನೀಲಿ ಹೊದಿಕೆ, ಏಕಪ್ರಕಾರವಾದ ಸದ್ದು: ಸರಿಯಾದ ಜ್ವಾಲೆ. ಒಳಶಂಕುವಿನ ತುದಿಗಿಂತ ಸ್ವಲ್ಪ ಮುಂದಿನ ಜಾಗ ಅತ್ಯಂತ ಬಿಸಿಯಾದುದು.
- ಹಳದಿ ತುದಿ, ಮಸಿ: ಗಾಳಿ ಸಾಲದು. ಗಾಳಿಕಂಡಿಗಳು ಕಟ್ಟಿರಬಹುದು. ಬಳಸದೆ ಇಟ್ಟ ಟಾರ್ಚುಗಳಲ್ಲಿ ಜೇಡನ ಬಲೆ ಅಥವಾ ಕಣಜದ ಮಣ್ಣಿನ ಗೂಡು ಇದಕ್ಕೆ ಕಾರಣವಾಗುವುದುಂಟು.
- ಮೂತಿಯಿಂದ ಬಿಟ್ಟು ಮೇಲೆದ್ದು ನಡುಗುವ ಜ್ವಾಲೆ: ಹರಿವಿನ ವೇಗ ಅತಿಯಾಗಿದೆ ಅಥವಾ ಗಾಳಿ ಹೆಚ್ಚಾಗಿದೆ.
- ಒಂದು ಪಕ್ಕಕ್ಕೆ ವಾಲಿದ ಜ್ವಾಲೆ: ಅಲಗು ಬಾಗಿದೆ, ಕಸ ಸಿಕ್ಕಿದೆ, ಅಥವಾ ಜೆಟ್ ಓರೆಯಾಗಿದೆ.
- ಜ್ವಾಲೆ ಕಾಣದೆ ಒಳಗಿನಿಂದ ಶಿಳ್ಳೆಯಂತಹ ಸದ್ದು, ಕೊಳವೆ ಕಾಯುವುದು: ಜ್ವಾಲೆ ಒಳಹೊಕ್ಕಿದೆ. ಅನಿಲವನ್ನು ಕೂಡಲೇ ಮುಚ್ಚಿ, ಟಾರ್ಚ್ ಪೂರ್ತಿ ತಣಿದ ಮೇಲೆ ಪರೀಕ್ಷಿಸಬೇಕು.

ಸುರಕ್ಷತೆ

ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಸುಮಾರು ಎರಡು ಪಟ್ಟು ಭಾರವಾದ ಅನಿಲಗಳು. ಸೋರಿದ ಅನಿಲವು ಮೇಲೇರಿ ಚದುರದೆ ನೆಲಮಟ್ಟದಲ್ಲಿ, ಗುಂಡಿ ಚರಂಡಿಗಳಲ್ಲಿ ಶೇಖರವಾಗುತ್ತದೆ. ಗಾಳಿಯಲ್ಲಿ ಪ್ರೊಪೇನಿನ ಪ್ರಮಾಣ ಶೇಕಡ 2ರಷ್ಟಾದರೂ ಕಿಡಿ ತಾಕಿದಾಗ ಹೊತ್ತಿಕೊಳ್ಳಬಹುದು. ಆದುದರಿಂದ ಟಾರ್ಚನ್ನು ಗಾಳಿಯಾಡುವ ಜಾಗದಲ್ಲಿಯೇ ಬಳಸಬೇಕು. ಸೋರಿಕೆಯನ್ನು ಸಾಬೂನಿನ ನೊರೆಯಿಂದ ಪರೀಕ್ಷಿಸಬೇಕು, ಬೆಂಕಿಕಡ್ಡಿಯಿಂದ ಎಂದಿಗೂ ಅಲ್ಲ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಳಿಯ ಕೊರತೆಯಿರುವ ಜ್ವಾಲೆಯಿಂದಲೂ, ತಣ್ಣನೆಯ ಲೋಹಕ್ಕೆ ಜ್ವಾಲೆಯನ್ನು ಒತ್ತಿ ಹಿಡಿದಾಗಲೂ ಅದು ಉತ್ಪತ್ತಿಯಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುವಾಗ ತಲೆನೋವು, ತಲೆಸುತ್ತು ಕಾಣಿಸಿಕೊಂಡರೆ ತಕ್ಷಣ ಜ್ವಾಲೆ ಆರಿಸಿ ಹೊರಗೆ ಬರಬೇಕು.

ಗೃಹಬಳಕೆಯ 14.2 ಕಿಲೋಗ್ರಾಂ ಸಿಲಿಂಡರನ್ನು ಅಡುಗೆಯ ಹೊರತಾದ ಕೆಲಸಗಳಿಗೆ ಬಳಸುವುದು ಭಾರತದಲ್ಲಿ ಕಾನೂನುಬಾಹಿರ. ಸಿಲಿಂಡರಿನೊಳಗಿನ ಒತ್ತಡವೂ ಅಲ್ಪವಲ್ಲ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಶುದ್ಧ ಪ್ರೊಪೇನಿನ ಒತ್ತಡ ವಾತಾವರಣಕ್ಕಿಂತ 7 ಬಾರ್‌ಗೂ ಅಧಿಕವಾಗಿರುತ್ತದೆ. ಒತ್ತಡ ನಿಯಂತ್ರಕವಿಲ್ಲದೆ ಟಾರ್ಚನ್ನು ನೇರವಾಗಿ ಜೋಡಿಸುವುದು, ಜೆಟ್ಟಿನ ರಂಧ್ರವನ್ನು ಸೂಜಿಯಿಂದ ಅಗಲಿಸುವುದು, ಮಾರುಕಟ್ಟೆಯ ಟಾರ್ಚಿಗೆ ಮನೆಯಲ್ಲಿ ತಯಾರಿಸಿದ ಮೂತಿಯನ್ನು ತೊಡಿಸುವುದು ಇವೆಲ್ಲ ಅಪಾಯಕಾರಿ. ಜೆಟ್, ಗಾಳಿಕಂಡಿ ಮತ್ತು ಅಲಗುಗಳನ್ನು ಒಂದಕ್ಕೊಂದು ಹೊಂದುವಂತೆ ಲೆಕ್ಕಹಾಕಿ ರೂಪಿಸಿರುತ್ತಾರೆ. ಅವುಗಳಲ್ಲಿ ಒಂದನ್ನು ಬದಲಿಸಿದರೆ ಜ್ವಾಲೆಯ ಸ್ಥಿರತೆ, ಗಾಳಿಯ ಪ್ರಮಾಣ, ಒಳಹೊಕ್ಕದಂತೆ ಕಾಯುವ ವೇಗ ಈ ಮೂರೂ ಒಟ್ಟಿಗೆ ಬದಲಾಗುತ್ತವೆ.